ಮಧುಮೇಹಜನ್ಯ ನರಹಾನಿಗೆ ಭೌತಚಿಕಿತ್ಸೆ

ಮಧುಮೇಹಜನ್ಯ ನರಹಾನಿಗೆ ಭೌತಚಿಕಿತ್ಸೆ ಅಥವಾ ಫಿಸಿಯೋಥೆರಪಿಯು, ರಕ್ತದಲ್ಲಿ ಸಕ್ಕರೆಯ ಪ್ರಮಾಣ ದೀರ್ಘಕಾಲ ಹೆಚ್ಚಿದ್ದು ನರಗಳು ಹಾನಿಗೊಂಡವರಲ್ಲಿ ಸ್ನಾಯುಬಲ, ಸಮತೋಲನ ಮತ್ತು ನಡಿಗೆಯನ್ನು ಉಳಿಸಲು ಹಾಗೂ ಪಾದದ ಹುಣ್ಣನ್ನು ತಡೆಯಲು ಅನುಸರಿಸುವ ವಿಧಾನಗಳ ಸಮೂಹವಾಗಿದೆ. ಹಾನಿಗೊಂಡ ನರವನ್ನು ಇದು ಮೊದಲಿನಂತೆ ಮಾಡುವುದಿಲ್ಲ. ಸಕ್ಕರೆಯ ನಿಯಂತ್ರಣವೇ ಮೂಲ ಚಿಕಿತ್ಸೆ.

ಹಿನ್ನೆಲೆ

ದೇಹದ ಅತಿ ಉದ್ದದ ನರತಂತುಗಳು ಮೊದಲು ಬಾಧಿತವಾಗುವುದರಿಂದ ತೊಂದರೆಯು ಕಾಲ್ಬೆರಳುಗಳಲ್ಲಿ ಆರಂಭವಾಗಿ ಮೇಲಕ್ಕೆ ಹರಡುತ್ತದೆ. ಜುಮುಗುಡುವಿಕೆ ಮತ್ತು ಉರಿ ಕಾಣಿಸಿಕೊಂಡು, ಕ್ರಮೇಣ ಸ್ಪರ್ಶಜ್ಞಾನ ಕುಂದುತ್ತದೆ. ಉರಿಗಿಂತ ಈ ಸ್ಪರ್ಶಹೀನತೆಯೇ ಹೆಚ್ಚು ಅಪಾಯಕಾರಿ. ನೋವು ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸುತ್ತದೆ, ಮರಗಟ್ಟಿದ ಪಾದ ಕಳುಹಿಸುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ ಮತ್ತು ಬೀಳಗಿ ಭಾಗಗಳು ಕೃಷ್ಣಾ, ಘಟಪ್ರಭಾ ನದಿಗಳ ನೀರುಂಡ ಕಬ್ಬಿನ ಸೀಮೆ. ರಬಕವಿ-ಬನಹಟ್ಟಿ ನೇಕಾರರ ಊರು. ಕಟಾವಾದ ಗದ್ದೆಯ ಕೂಳೆ ಬರಿಗಾಲಿಗೆ ಚುಚ್ಚಿದರೂ, ಕೈಮಗ್ಗದ ತುಳಿಹಲಗೆ ಅಂಗಾಲಿನ ಒಂದೇ ಜಾಗವನ್ನು ದಿನವಿಡೀ ಒತ್ತಿದರೂ ಸ್ಪರ್ಶ ಕಳೆದುಕೊಂಡವನಿಗೆ ತಿಳಿಯುವುದಿಲ್ಲ. ಇಂಥ ಕಸುಬಿನವರು ಪ್ರತಿ ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಯಾವುದೇ ವ್ಯಾಯಾಮದಷ್ಟೇ ಮುಖ್ಯ.

ತಪಾಸಣೆ ಮತ್ತು ವ್ಯಾಯಾಮ

ಕಣ್ಣು ಮುಚ್ಚಿದ ರೋಗಿಯ ಪಾದಕ್ಕೆ 10 ಗ್ರಾಂ ಒತ್ತಡದಲ್ಲಿ ಬಾಗುವ ನೈಲಾನ್ ಎಳೆಯನ್ನು ತಾಗಿಸಿ ಸ್ಪರ್ಶವನ್ನು, 128 ಹರ್ಟ್ಸ್ ಟ್ಯೂನಿಂಗ್ ಫೋರ್ಕಿನಿಂದ ಕಂಪನದ ಅರಿವನ್ನು ಪರೀಕ್ಷಿಸಲಾಗುತ್ತದೆ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಮೀನಖಂಡವನ್ನು ಹಿಗ್ಗಿಸುವುದು, ಕಾಲ್ಬೆರಳುಗಳಿಂದ ಬಟ್ಟೆಯನ್ನು ಮುದುಡಿ ಎಳೆಯುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿಟ್ಟು ನಡೆಯುವುದು ಸಾಮಾನ್ಯ ಅಭ್ಯಾಸಗಳು. ಕಣಕಾಲಿನ ಕೀಲು ಬಿಗಿದರೆ ಪಾದದ ಮುಂಭಾಗದ ಮೇಲೆ ಒತ್ತಡ ಹೆಚ್ಚುವುದರಿಂದ ಹಿಗ್ಗಿಸುವ ವ್ಯಾಯಾಮಕ್ಕೆ ವಿಶೇಷ ಮಹತ್ವವಿದೆ.

ನರಹಾನಿಯುಳ್ಳವರು ನಡೆಯಬಾರದೆಂಬ ಸಲಹೆ ಹಿಂದೆ ಇತ್ತು. ಅಮೆರಿಕದ ಮಧುಮೇಹ ಸಂಘ ಮತ್ತು ಕ್ರೀಡಾ ವೈದ್ಯಕೀಯ ಕಾಲೇಜುಗಳ 2010ರ ಜಂಟಿ ಹೇಳಿಕೆಯು, ಹುಣ್ಣಿಲ್ಲದವರು ಸೂಕ್ತ ಪಾದರಕ್ಷೆ ಧರಿಸಿ ಮಿತವಾಗಿ ನಡೆಯಬಹುದೆಂದು ತಿಳಿಸಿತು. ಹುಣ್ಣಿದ್ದಾಗ ಮಾತ್ರ ಆ ಪಾದದ ಮೇಲೆ ಭಾರ ಹಾಕುವ ವ್ಯಾಯಾಮಗಳು ನಿಷಿದ್ಧ.

ಪಾದರಕ್ಷೆ ಮತ್ತು ಶಾಖ

ತಮಿಳುನಾಡಿನ ವೆಲ್ಲೂರಿನಲ್ಲಿ 1946ರಿಂದ ಸೇವೆ ಸಲ್ಲಿಸಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಸ್ಪರ್ಶಹೀನ ಪಾದಗಳಲ್ಲಿ ಹುಣ್ಣಾಗಲು ಮರುಕಳಿಸುವ ಒತ್ತಡವೇ ಮುಖ್ಯ ಕಾರಣವೆಂದು ತೋರಿಸಿದರು. ಅಲ್ಲಿ ಬಳಕೆಗೆ ಬಂದ ಮೈಕ್ರೋಸೆಲ್ಯುಲರ್ ರಬ್ಬರಿನ ಮೆತ್ತನೆಯ ಚಪ್ಪಲಿಯನ್ನು ಇಂದು ಮಧುಮೇಹಿಗಳಿಗೂ ನೀಡಲಾಗುತ್ತದೆ.

ಚರ್ಮದ ಮೇಲಿಂದ ವಿದ್ಯುತ್ ಪ್ರಚೋದನೆ ನೀಡುವ ಟೆನ್ಸ್ ಸಾಧನವು ಕೆಲವರ ಉರಿಯನ್ನು ತಗ್ಗಿಸುತ್ತದೆ. ಮನೆಯಲ್ಲಿ ಬಿಸಿನೀರಿನಲ್ಲಿ ಕಾಲಿಡುವ, ಇಟ್ಟಿಗೆ ಕಾಯಿಸಿ ಶಾಖ ಕೊಡುವ ರೂಢಿಯಿಂದ ಮಾತ್ರ ಅರಿವಿಲ್ಲದೆಯೇ ಸುಟ್ಟಗಾಯಗಳಾಗುತ್ತವೆ. ಸ್ನಾನದ ನೀರಿನ ಬಿಸಿಯನ್ನೂ ಪಾದದಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು.