ಮನೆಯೊಳಗಣ ವಿಳಾಸಗಳು

ಕಾಗದವನ್ನು ಎಷ್ಟೇ ಅಂದವಾಗಿ ಬರೆದಿದ್ದರೂ ಲಕೋಟೆಯ ಮೇಲೆ ವಿಳಾಸವಿಲ್ಲದಿದ್ದರೆ ಅದು ಮುಟ್ಟಬೇಕಾದವರನ್ನು ಮುಟ್ಟಲಾರದು. ಅಂತರ್ಜಾಲದ ನಿಯಮವೂ ಇದೇ. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಸಂಖ್ಯೆಯ ರೂಪದಲ್ಲಿ ಒಂದು ವಿಳಾಸ ಬೇಕು. ಇದಕ್ಕೆ ಐಪಿ ವಿಳಾಸವೆಂದು ಹೆಸರು.

೧೯೮೧ರಲ್ಲಿ ಗೊತ್ತುಮಾಡಿದ ನಾಲ್ಕನೆಯ ಆವೃತ್ತಿಯ ಕ್ರಮದಲ್ಲಿ ಇಂಥ ವಿಳಾಸಗಳು ಒಟ್ಟು ಸುಮಾರು ೪೨೯ ಕೋಟಿ. ಇಂದಿನ ಲೋಕದಲ್ಲಿ ತಲೆಗೊಂದರಂತೆ ಹಂಚಲೂ ಇವು ಸಾಲವು. ಆದುದರಿಂದ ಕೆಲವು ಸಂಖ್ಯೆಗಳನ್ನು ಒಳಬಳಕೆಗೆಂದೇ ೧೯೯೪ರಲ್ಲಿ ಬಿಡಲಾಯಿತು. ೧೯೯೬ರಲ್ಲಿ ಆ ನಿಯಮವನ್ನು ಪರಿಷ್ಕರಿಸಲಾಯಿತು. ೧೯೨.೧೬೮ ಎಂದು ಮೊದಲಾಗುವ ವಿಳಾಸಗಳು ಈ ಬಗೆಯವು. ಹಲವು ಊರುಗಳಲ್ಲಿ ಒಂದೊಂದು ಕೋಟೆ ಬೀದಿ ಇರುವಂತೆ, ಇವು ಅಸಂಖ್ಯ ಮನೆಗಳಲ್ಲಿ ಒಂದೇ ಆಗಿರಬಹುದು. ಹೊರಗೆ ಕಳುಹಿಸುವಾಗ ರೌಟರು ಅವುಗಳ ಬದಲು ಹೊರವಿಳಾಸವನ್ನು ಹಾಕುವುದರಿಂದ ಗೊಂದಲವಾಗದು.

ಮನೆಯೊಳಗೆ ವಿಳಾಸ ಹಂಚುವ ಕೆಲಸವೂ ರೌಟರಿನದೇ. ಖಾತೆಪುಸ್ತಕ ಹಿಡಿದ ಹಿಂದಿನ ಕಾಲದ ಶಾನುಭೋಗರಿಗೆ ಇದನ್ನು ಹೋಲಿಸಬಹುದು. ಮೊಬೈಲೋ ಕಂಪ್ಯೂಟರೋ ಬಂದು ಕೇಳಿದೊಡನೆ, ಬಿಡುವಾಗಿರುವ ಒಂದು ವಿಳಾಸವನ್ನು ಗೊತ್ತಾದ ಅವಧಿಗೆ ಗೇಣಿಗೆ ಕೊಡುತ್ತದೆ. ಈ ಪದ್ಧತಿಯೇ ಡಿಎಚ್‌ಸಿಪಿ. ಬಂದುಹೋಗುವ ಯಂತ್ರಗಳಿಗೆ ಇದು ಅನುಕೂಲ. ಇತರರು ಹುಡುಕಿಕೊಂಡು ಬರಬೇಕಾದ ಯಂತ್ರಕ್ಕೆ ಮಾತ್ರ ತೊಡಕು.

ನಮ್ಮ ಮನೆಯ ಮುಂಗೋಣೆಯಲ್ಲಿ ಅಣ್ಣ ಅರ್ಜಿಗಳನ್ನು ತುಂಬಿ ಮುದ್ರಿಸಿಕೊಡುವ ಕಸುಬು ನಡೆಸುತ್ತಾನೆ. ನನ್ನ ಕಾಲೇಜಿನ ಶುಲ್ಕ ಹುಟ್ಟುವುದೂ ಅದರಿಂದಲೇ. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನದಂದು ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರಿಗೆ ಬೇರೊಂದು ವಿಳಾಸ ಸಿಕ್ಕಿತು. ಕಂಪ್ಯೂಟರು ಹಳೆಯ ವಿಳಾಸಕ್ಕೇ ಕಳುಹಿಸುತ್ತಿತ್ತು. ಬಾಗಿಲಲ್ಲಿ ಹುಡುಗರು ಸಾಲಾಗಿ ಕಾದಿದ್ದರು. ಪ್ರಿಂಟರಿನಲ್ಲಿ ಹೊಸ ವಿಳಾಸವನ್ನು ಓದಿ ಕಂಪ್ಯೂಟರಿಗೆ ತಿಳಿಸಿದ ಮೇಲೆಯೇ ಕೆಲಸ ಸಾಗಿತು.

ಇದಕ್ಕೆ ಶಾಶ್ವತ ಪರಿಹಾರವುಂಟು. ಜಾಲಕ್ಕೆ ಸೇರುವ ಯಂತ್ರಕ್ಕೆ ಮ್ಯಾಕ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ರೌಟರಿನ ವ್ಯವಸ್ಥಾಪುಟವನ್ನು ತೆರೆದು, ಈ ಗುರುತಿನ ಯಂತ್ರಕ್ಕೆ ಯಾವಾಗಲೂ ೧೯೨.೧೬೮.೧.೧೦ನ್ನೇ ಕೊಡತಕ್ಕದ್ದೆಂದು ಕಾದಿರಿಸಬಹುದು. ವಿಳಾಸವನ್ನು ಯಂತ್ರದಲ್ಲಿಯೇ ನಮೂದಿಸುವುದಾದರೆ, ಅದು ರೌಟರು ಹಂಚುವ ಸಾಲಿನ ಹೊರಗಿರಬೇಕು. ಕೊನೆಯ ಅಂಕಿ ೧೦೦ರಿಂದ ೧೯೯ರವರೆಗಿನವನ್ನು ಹಂಚಿಕೆಗೆ ಬಿಟ್ಟು, ರೌಟರಿಗೆ ೧ ಎಂದಿಟ್ಟರೆ, ೨ರಿಂದ ೯೯ರವರೆಗೆ ಸ್ಥಿರವಾದ ಯಂತ್ರಗಳಿಗೆ ಉಳಿಯುತ್ತವೆ. ಒಂದೇ ಸಂಖ್ಯೆ ಎರಡಕ್ಕೆ ಬಿದ್ದರೆ ಎರಡರ ಕೆಲಸವೂ ಕೆಡುತ್ತದೆ. ಇಂದಿನ ಮೊಬೈಲುಗಳು ಗೋಪ್ಯತೆಗಾಗಿ ತಮ್ಮ ನಿಜವಾದ ಮ್ಯಾಕ್ ಸಂಖ್ಯೆಯನ್ನು ಮರೆಮಾಡಿ ಬೇರೊಂದನ್ನು ಹೇಳುವುದುಂಟು. ಅವುಗಳಿಗೆ ಕಾದಿರಿಸುವಾಗ ಇದನ್ನು ನೆನಪಿಡಬೇಕು. ೧೬೯.೨೫೪ ಎಂದು ಮೊದಲಾಗುವ ವಿಳಾಸ ಕಂಡುಬಂದರೆ, ರೌಟರಿನಿಂದ ಉತ್ತರ ಬಾರದೆ ಯಂತ್ರವು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು.

ಯಾವ ಯಂತ್ರಕ್ಕೆ ಯಾವ ಸಂಖ್ಯೆಯೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವುದು ಲೇಸು. ಎಂಜಿನಿಯರರ ವಿದ್ಯೆಯೆಂದು ಕಲಾವಿಭಾಗದ ನಾವು ಇದಕ್ಕೆ ಹಿಂಜರಿಯಬೇಕಾಗಿಲ್ಲ. ಇಲ್ಲಿ ಮುಖ್ಯವಾಗಿ ಬೇಕಾದುದು ಅಚ್ಚುಕಟ್ಟುತನ. ಕಾಲೇಜು ಕಂಡವರು ಮನೆಗೊಬ್ಬರೇ ಇರುವಲ್ಲಿ ಆ ಹಾಳೆಯನ್ನು ಬರೆಯುವ ಹೊಣೆ ಅವರದೇ ಆಗುತ್ತದೆ.