ಪರದೆಯಿಂದ ಕಾಯಕದ ಕಡೆಗೆ: ಲಕ್ವಾ ಮತ್ತು ತಲೆಪೆಟ್ಟಿನ ನಂತರದ ಅರಿವಿನ ತರಬೇತಿ

ಲಕ್ವಾ ಹೊಡೆದು ಆಸ್ಪತ್ರೆ ಸೇರಿದವರು, ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ಜೀವ ಉಳಿಸಿಕೊಂಡು ಮನೆಗೆ ಮರಳಿದಾಗ ಮನೆಮಂದಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. ಬಂಧುಬಳಗ ಬಂದು ಮಾತನಾಡಿಸುತ್ತದೆ. ಹೊತ್ತ ಹರಕೆಗಳು ತೀರುತ್ತವೆ. ಕೈಕಾಲು ಆಡುತ್ತಿವೆ, ಮಾತು ಬರುತ್ತಿದೆ, ಊಟ ಸೇರುತ್ತಿದೆ; ಇನ್ನೇನು ಬೇಕು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ.

ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಬೇರೆ ಬಗೆಯ ದೂರುಗಳು ಕೇಳಿಬರತೊಡಗುತ್ತವೆ. ಹೇಳಿದ ಮಾತನ್ನು ಅರ್ಧ ತಾಸಿನಲ್ಲಿ ಮರೆಯುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಎದ್ದು ಹೋಗುತ್ತಾರೆ. ಅಡತಿ ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ನೂರು ರೂಪಾಯಿಯ ಚಿಲ್ಲರೆಗೆ ತಡವರಿಸುತ್ತಾರೆ. ಸಣ್ಣ ಮಾತಿಗೆ ಸಿಡಿದೇಳುತ್ತಾರೆ. ಮನೆಯವರಿಗೆ ಇದು ರೋಗವೆಂದು ತೋರುವುದಿಲ್ಲ. ‘ಮೈಗಳ್ಳ ಆಗ್ಯಾನ’, ‘ಬೇಕಂತಲೇ ಮಾಡ್ತಾನ’ ಎಂಬ ಮಾತುಗಳು ಏಳುತ್ತವೆ. ಸರಿಯಾಗಿ ಓದಿ ಅರ್ಥಮಾಡಿಕೊಳ್ಳಲಾಗದ ಕಾಗದಪತ್ರಕ್ಕೆ ಸಹಿ ಹಾಕಿ ಹೊಲ, ಹಣ ಕಳೆದುಕೊಳ್ಳುವ ಅಪಾಯವೂ ಇಂಥವರಿಗೆ ಇದೆ. ಕಣ್ಣಿಗೆ ಕಾಣುವ ಗಾಯ ಮಾಯ್ದಿದ್ದರೂ ಕಾಣದ ಗಾಯ ಹಾಗೆಯೇ ಉಳಿದಿರುತ್ತದೆ. ಆ ಗಾಯಕ್ಕೂ ಚಿಕಿತ್ಸೆಯುಂಟು ಎಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಭತ್ತದ ಲಾರಿ, ಟ್ರ್ಯಾಕ್ಟರು, ಹೆಲ್ಮೆಟ್ಟಿಲ್ಲದ ಬೈಕ್ ಸವಾರರು ಹಗಲಿರುಳು ಓಡಾಡುವ ದಾರಿಯಿದು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯಗಳಿಂದ ಲಕ್ವಾದ ಭಯವೂ ಹೆಚ್ಚುತ್ತದೆ. ಆದ್ದರಿಂದ ಇದು ದೂರದ ನಗರದವರ ವಿಷಯವಲ್ಲ. ನಮ್ಮ ಓಣಿಯ ವಿಷಯ.

ಅರಿವು ಎಂದರೇನು?

ಶರಣರು ಅರಿವಿಗೆ ಗುರುವಿನ ಸ್ಥಾನ ಕೊಟ್ಟರು. ಅದು ಅಧ್ಯಾತ್ಮದ ಅರಿವು. ವೈದ್ಯಶಾಸ್ತ್ರವು ಅರಿವಿನ ಶಕ್ತಿ ಎಂದು ಕರೆಯುವುದು ಅದಕ್ಕಿಂತ ಕೆಳಗಿನ, ನಿತ್ಯಬಳಕೆಯ ಮೆಟ್ಟಿಲುಗಳನ್ನು: ಗಮನ, ನೆನಪು, ಯೋಚನೆಯ ವೇಗ, ಕೆಲಸದ ಕ್ರಮ, ತೀರ್ಮಾನ, ಭಾಷೆ, ಜಾಗದ ಅಂದಾಜು.

ಮಿದುಳಿನ ಯಾವ ಭಾಗಕ್ಕೆ ಪೆಟ್ಟಾಗಿದೆ ಎಂಬುದರ ಮೇಲೆ ಕೊರತೆಯ ಸ್ವರೂಪ ನಿಂತಿದೆ. ಹಣೆಯ ಹಿಂದಿನ ಭಾಗ ನೊಂದರೆ ಯೋಜನೆ, ಸಂಯಮ, ತಾನಾಗಿ ಕೆಲಸ ತೊಡಗುವ ಪ್ರವೃತ್ತಿ ಕುಂದುತ್ತವೆ. ಕಿವಿಯ ಬಳಿಯ ಭಾಗ ನೊಂದರೆ ಹೊಸ ನೆನಪು ನಿಲ್ಲುವುದಿಲ್ಲ. ಬಲಮಿದುಳಿಗೆ ಲಕ್ವಾ ಆದ ಕೆಲವರಿಗೆ ಎಡಗಡೆಯ ಜಗತ್ತೇ ಇಲ್ಲವಾದಂತಾಗುತ್ತದೆ. ತಟ್ಟೆಯ ಬಲಭಾಗದ ರೊಟ್ಟಿ ತಿಂದು ಎಡಭಾಗದ ಪಲ್ಯ ಬಿಟ್ಟು ಏಳುತ್ತಾರೆ. ಅವರಿಗೆ ಕಣ್ಣು ಕಾಣದೆಂದಲ್ಲ; ಗಮನ ಆ ಕಡೆ ಹೋಗುವುದಿಲ್ಲ.

ಕಳೆದದ್ದು ಯಾವಾಗಲೂ ಪೂರ್ತಿ ಅಳಿದಿರುವುದಿಲ್ಲ; ಎಷ್ಟೋ ವೇಳೆ ಕೊಂಡಿ ಮಾತ್ರ ಕಳಚಿರುತ್ತದೆ. ನಮ್ಮ ಮಸ್ಕಿಯ ಶಾಸನವನ್ನು ನೆನೆಯಿರಿ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಷ್ಟೇ ಇತ್ತು. 1915ರಲ್ಲಿ ಚಿನ್ನದ ನಿಕ್ಷೇಪ ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ಬಂಡೆಯ ಬರಹವನ್ನು ಕಂಡ ಮೇಲೆ, ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಓದಿಗೆ ಸಿಕ್ಕಿ ಕೊಂಡಿ ಕೂಡಿತು. ಮುಖದ ಗುರುತಿದ್ದೂ ಹೆಸರು ಬಾಯಿಗೆ ಬಾರದ ರೋಗಿಯ ಸ್ಥಿತಿಯೂ ಇಂಥದ್ದೇ. ಕೊಂಡಿ ಕೂಡಿಸುವ ಕೆಲಸಕ್ಕೆ ಅರಿವಿನ ತರಬೇತಿ ಎಂದು ಹೆಸರು.

ಈ ವಿದ್ಯೆ ಬಂದ ದಾರಿ

ಎರಡನೆಯ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸಾವಿರಾರು ಸೈನಿಕರ ಶುಶ್ರೂಷೆಯಿಂದ ಈ ಶಾಸ್ತ್ರಕ್ಕೆ ದೊಡ್ಡ ಬಲ ಬಂತು. ರಷ್ಯದ ಅಲೆಕ್ಸಾಂಡರ್ ಲೂರಿಯಾ ಇದರ ಮುಖ್ಯ ಆಚಾರ್ಯರಲ್ಲೊಬ್ಬರು. 1943ರಲ್ಲಿ ಗಾಯಗೊಂಡ ಒಬ್ಬ ಸೈನಿಕನನ್ನು ಅವರು ದಶಕಗಳ ಕಾಲ ಗಮನಿಸಿದರು. ಅವನಿಗೆ ಒಂದೊಂದೇ ಅಕ್ಷರ ನೆನೆದು ಬರೆಯಲು ಆಗುತ್ತಿರಲಿಲ್ಲ. ಕೈ ಎತ್ತದೆ, ಅಕ್ಷರದ ಬಗ್ಗೆ ಯೋಚಿಸದೆ ಬರೆದಾಗ ಪದ ತಾನಾಗಿ ಮೂಡಿತು. ಮುಂದಿನ 25 ವರ್ಷಗಳಲ್ಲಿ ಅವನು ಸುಮಾರು 3000 ಪುಟಗಳಷ್ಟು ಆತ್ಮಕಥನ ಬರೆದ. ಬುದ್ಧಿ ಮರೆತದ್ದನ್ನು ಕೈ ಮರೆತಿರಲಿಲ್ಲ. ರೋಗಿಯಲ್ಲಿ ಉಳಿದಿರುವ ಶಕ್ತಿಯನ್ನು ಹಿಡಿದು ಕಳೆದದ್ದರ ಕಡೆಗೆ ನಡೆಯಬೇಕೆಂಬುದು ಇದರಿಂದ ದೊರೆಯುವ ಪಾಠ.

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಹೆಸರಾಗಿದೆ. ಅಲ್ಲಿನ ನರಮನೋವಿಜ್ಞಾನ ತಜ್ಞೆ ಶೋಭಿನಿ ಎಲ್. ರಾವ್ ಮತ್ತು ಸಂಗಡಿಗರು ತಲೆಪೆಟ್ಟಿನ ನಂತರದ ಗಮನದ ಕೊರತೆಯನ್ನು ತರಬೇತಿಯಿಂದ ಸುಧಾರಿಸುವ ಕುರಿತು 1999ರಲ್ಲೇ ಸಂಶೋಧನ ಲೇಖನ ಪ್ರಕಟಿಸಿದರು. 2004ರಲ್ಲಿ ಹೊರಬಂದ ನಿಮ್ಹಾನ್ಸ್ ಪರೀಕ್ಷಾಮಾಲೆಯಲ್ಲಿ ಓದು ಬಾರದವರಿಗೂ ಪ್ರತ್ಯೇಕ ಮಾನದಂಡಗಳಿವೆ. ‘ನಮ್ಮಪ್ಪಗ ಅಕ್ಷರ ಬರೋದಿಲ್ಲ, ಇದೆಲ್ಲ ಅವರಿಗಲ್ಲ’ ಎಂದು ಹಿಂದೆ ಸರಿಯಬೇಕಾಗಿಲ್ಲ.

ಅಲ್ಲಿ ರೂಢಿಗೆ ಬಂದ ಅಭ್ಯಾಸಗಳಲ್ಲಿ ಒಂದು ನಮ್ಮವರಿಗೆ ನಗು ತರಿಸೀತು: ಕಲಸಿದ ಕಾಳುಗಳನ್ನು ಬೇರೆ ಬೇರೆಯಾಗಿ ಆರಿಸುವುದು! ಇನ್ನೊಂದು, ಅಕ್ಷರಗಳು ತುಂಬಿದ ಹಾಳೆಯಲ್ಲಿ ಹೇಳಿದ ಅಕ್ಷರವನ್ನಷ್ಟೇ ಹುಡುಕಿ ಹೊಡೆದುಹಾಕುವುದು. ನೋಡಲು ಸರಳವಾದರೂ ಗಮನ ನಿಲ್ಲಿಸುವ, ಬೇಡದ್ದನ್ನು ಬಿಡುವ, ಬೇಕಾದ್ದನ್ನು ಹಿಡಿಯುವ ಅಭ್ಯಾಸ ಅದರಲ್ಲಿದೆ.

ಕಂಪ್ಯೂಟರಿನ ಪಾತ್ರ

ಕಂಪ್ಯೂಟರ್ ಮಾಡುವುದು ಇದೇ ಕೆಲಸವನ್ನು, ಇನ್ನಷ್ಟು ನಿಖರವಾಗಿ. ಪರದೆಯ ಮೇಲೆ ಚಿತ್ರಗಳು ಬರುತ್ತವೆ. ಹೇಳಿದ ಚಿತ್ರ ಬಂದಾಗ ಮಾತ್ರ ಗುಂಡಿ ಒತ್ತಬೇಕು. ನಾಲ್ಕು ವಸ್ತುಗಳು ಕಂಡು ಮರೆಯಾಗುತ್ತವೆ. ಅದೇ ಕ್ರಮದಲ್ಲಿ ತೋರಿಸಬೇಕು. ಎಡ ಅಂಚಿನಿಂದ ಬೆಳಕು ಹೊರಡುತ್ತದೆ; ಆ ಕಡೆ ಕಣ್ಣು ಹೊರಳಿಸಬೇಕು. ಉತ್ತರಕ್ಕೆ ಹಿಡಿದ ಹೊತ್ತನ್ನು ಯಂತ್ರವು ಸೆಕೆಂಡಿನ ಸಾವಿರದ ಒಂದಂಶದ ಮಟ್ಟದಲ್ಲಿ ಅಳೆಯಬಲ್ಲದು. ರೋಗಿ ಗೆದ್ದರೆ ಪಾಠವನ್ನು ತುಸು ಕಠಿಣಗೊಳಿಸುತ್ತದೆ, ಸೋತರೆ ಸಡಿಲಿಸುತ್ತದೆ. ಬೇಸರವಿಲ್ಲದೆ, ಗದರದೆ ನೂರು ಸಲ ಹೇಳಿಕೊಡುತ್ತದೆ. ದಿನದಿನದ ದಾಖಲೆಯಿಂದ ಪ್ರಗತಿ ಕಣ್ಣಿಗೆ ಕಾಣುತ್ತದೆ. ಬಳಸಿದ ದಾರಿ ಬಲಗೊಳ್ಳುವುದು ಮಿದುಳಿನ ಸ್ವಭಾವವಾದ್ದರಿಂದ ಪುನರಭ್ಯಾಸಕ್ಕೆ ಫಲವಿದೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು. ಆಮೇಲೂ ಬಾಗಿಲು ಮುಚ್ಚುವುದಿಲ್ಲ.

ಪರದೆಯ ಮಿತಿ

ಇಲ್ಲಿ ಓದುಗರು ತುಸು ನಿಂತು ಯೋಚಿಸಬೇಕು. ಪರದೆಯ ಆಟದಲ್ಲಿ ಅಂಕ ಏರಿತೆಂದ ಮಾತ್ರಕ್ಕೆ ಬಾಳು ಸರಿಹೋಯಿತೆಂದಲ್ಲ. ಅಮೆರಿಕದಲ್ಲಿ 2832 ಹಿರಿಯ ನಾಗರಿಕರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅವರು ಮಿದುಳಿಗೆ ಪೆಟ್ಟು ಬಿದ್ದವರಲ್ಲವಾದರೂ ಅದರ ಪಾಠ ಇಲ್ಲಿಗೂ ಸಲ್ಲುತ್ತದೆ. ಯಾವ ಶಕ್ತಿಗೆ ತರಬೇತಿ ಕೊಟ್ಟರೋ ಆ ಶಕ್ತಿ ಸುಧಾರಿಸಿತು. ತರಬೇತಿಯಿಲ್ಲದ ಶಕ್ತಿಗೆ ಲಾಭ ಹರಿಯಲಿಲ್ಲ. ಮಿದುಳಿನ ಪೆಟ್ಟಿನವರ ಕುರಿತ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸಿದ ತಜ್ಞರೂ, ಚಿಕಿತ್ಸಕರ ಮಾರ್ಗದರ್ಶನವಿಲ್ಲದೆ ಕಂಪ್ಯೂಟರ್ ಅಭ್ಯಾಸವೊಂದನ್ನೇ ನೆಚ್ಚಬಾರದೆಂದು ಎಚ್ಚರಿಸಿದ್ದಾರೆ.

ಜಾಹೀರಾತುಗಳ ಬಗ್ಗೆಯೂ ಜಾಗ್ರತೆ ಬೇಕು. ಲುಮಾಸಿಟಿ ಎಂಬ ಮಿದುಳಿನ ಆಟಗಳ ಕಂಪನಿಯು ಆಧಾರವಿಲ್ಲದ ಪ್ರಚಾರ ಮಾಡಿತೆಂಬ ಆರೋಪವನ್ನು ಇತ್ಯರ್ಥಪಡಿಸಲು 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ 20 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಮೊಬೈಲಿನಲ್ಲಿ ಸಿಗುವ ಆಟವೆಲ್ಲ ಚಿಕಿತ್ಸೆಯಲ್ಲ.

ಮನೆಯೇ ಪಾಠಶಾಲೆ

ಹಾಗಾದರೆ ಮಾಡಬೇಕಾದ್ದೇನು? ಪರದೆಯ ಮೇಲೆ ಕಲಿತದ್ದನ್ನು ಅದೇ ದಿನ ಬದುಕಿಗೆ ಹೊಲಿಯಬೇಕು. ಈ ಹೊಲಿಗೆ ಹಾಕಬಲ್ಲವರು ಮನೆಯವರು.

ಬೆಳಿಗ್ಗೆ ಅರ್ಧ ತಾಸು ಪರದೆಯ ಮುಂದೆ ಗಮನದ ಅಭ್ಯಾಸ ನಡೆದರೆ, ಮಧ್ಯಾಹ್ನ ಮರದಲ್ಲಿ ತೊಗರಿ, ಕಡಲೆ, ಜೋಳ ಕಲಸಿಟ್ಟು ಆರಿಸಲು ಹೇಳಿರಿ. ನೆನಪಿನ ಅಭ್ಯಾಸವಾದ ದಿನ ಮೂರು ಸಾಮಾನುಗಳ ಚೀಟಿ ಬರೆಸಿ, ಜೊತೆಗೊಬ್ಬರು ನಡೆದು, ಕಿರಾಣಿ ಅಂಗಡಿಗೆ ಕರೆದೊಯ್ಯಿರಿ. ಚಿಲ್ಲರೆಯನ್ನು ಅವರೇ ಎಣಿಸಲಿ. ಎಡಗಡೆಯ ಗಮನ ಕಡಿಮೆ ಇದ್ದವರ ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ‘ಮೊದಲು ಕೆಂಪು ನೋಡ್ರಿ’ ಎಂದು ನೆನಪಿಸಿರಿ.

ಇಷ್ಟಲಿಂಗ ಪೂಜೆಯೂ ಕ್ರಮಬದ್ಧ ಕ್ರಿಯೆ. ಮಡಿಯುಟ್ಟು ಕೂಡುವುದು, ವಿಭೂತಿ ಧರಿಸುವುದು, ಕರಡಿಗೆಯಿಂದ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದು, ಅಭಿಷೇಕ, ಪತ್ರಿಪುಷ್ಪ, ನೋಟ ನಿಲ್ಲಿಸುವುದು. ಒಂದರ ಹಿಂದೆ ಒಂದು ಬರಬೇಕು. ಬಾಲ್ಯದಿಂದ ಮಾಡಿದವರ ಕೈಗೆ ಈ ಕ್ರಮ ನೆನಪಿರುವ ಸಂಭವ ಹೆಚ್ಚು. ಮುಂದಿನ ಹೆಜ್ಜೆ ತೋಚದಾದಾಗ ತಾವೇ ಮಾಡಿಬಿಡದೆ, ಸಣ್ಣ ಸೂಚನೆ ಕೊಟ್ಟು ಕಾಯಿರಿ. ಪೂಜೆಯನ್ನು ಔಷಧವೆಂದು ಹೇಳುತ್ತಿಲ್ಲ. ಪ್ರೀತಿಯಿಂದ ರೂಢಿಸಿಕೊಂಡ ಕ್ರಿಯೆಯಲ್ಲಿ ಅಭ್ಯಾಸ ಸುಲಭವೆಂದಷ್ಟೇ ಹೇಳುತ್ತಿದ್ದೇವೆ.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು:

• ಮೊದಲು ತಜ್ಞರ ಪರೀಕ್ಷೆ, ಆಮೇಲೆ ತರಬೇತಿ. ಕೊರತೆ ಯಾವುದೆಂದು ತಿಳಿಯದೆ ಅಭ್ಯಾಸ ಆರಿಸಲಾಗದು. ಮಾತಿನ ತೊಂದರೆಗೆ ವಾಕ್ ಚಿಕಿತ್ಸಕರೇ ಬೇಕು.
• ನೊಂದ ಮಿದುಳು ಬೇಗ ದಣಿಯುತ್ತದೆ. ತಲೆನೋವು, ತೂಕಡಿಕೆ, ಸಿಡುಕು ಕಂಡರೆ ನಿಲ್ಲಿಸಿರಿ. ಫಿಟ್ಸ್ ಬರುವವರು ಪರದೆಯ ಅಭ್ಯಾಸಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು.
• ಬಿ.ಪಿ., ಸಕ್ಕರೆ, ಫಿಟ್ಸಿನ ಮಾತ್ರೆಗಳನ್ನು ತಾವಾಗಿ ಬಿಡಬಾರದು. ಮದ್ಯ ಪೂರ್ಣ ವರ್ಜ್ಯ.
• ವೈದ್ಯರು ಒಪ್ಪುವವರೆಗೆ ಬೈಕು, ಟ್ರ್ಯಾಕ್ಟರು, ಪಂಪ್‌ಸೆಟ್ಟಿನ ಕರೆಂಟು, ಔಷಧ ಸಿಂಪಡಣೆ ಬೇಡ. ಹಣ, ಹೊಲದ ಕಾಗದಗಳಿಗೆ ನಂಬಿಕಸ್ಥರ ಕಾವಲಿರಲಿ.

ಎಲ್ಲಿಗೆ ಹೋಗಬೇಕು?

ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆ ನಮಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಯೋಜನೆಯಡಿ ಮಿದುಳು ಆರೋಗ್ಯ ಚಿಕಿತ್ಸಾಲಯಗಳನ್ನು ತೆರೆಯಲಾಗಿದೆ. ಆ ಸೌಲಭ್ಯದ ಬಗ್ಗೆ ಜಿಲ್ಲಾ ಮಟ್ಟದಲ್ಲಿ ವಿಚಾರಿಸಿರಿ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಂದ ಶಿಫಾರಸು ಪತ್ರ ಪಡೆದು, ಬಿಡುಗಡೆ ಪತ್ರ ಮತ್ತು ಸ್ಕ್ಯಾನ್ ವರದಿಗಳೊಂದಿಗೆ ಹೋಗುವುದು ಒಳಿತು. ಒಮ್ಮೆ ಪರೀಕ್ಷೆಯಾಗಿ ಅಭ್ಯಾಸಗಳು ಗೊತ್ತಾದ ಬಳಿಕ, ಮುಂದಿನ ಸಲಹೆಯನ್ನು ಫೋನು, ವಿಡಿಯೋ ಕರೆಗಳ ಮೂಲಕ ಪಡೆಯಬಹುದೇ ಎಂದು ಕೇಳಿರಿ. ಪ್ರತಿ ವಾರ ಬಸ್ಸು ಹತ್ತಿ ಕೂಲಿ ಕಳೆದುಕೊಳ್ಳುವುದು ತಪ್ಪೀತು. ಆರೈಕೆ ಮಾಡುವವರೇ ಮನಸೋತರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಎಲ್ಲಕ್ಕೂ ಮೊದಲ ಮಾತು: ಬಾಯಿ ಸೊಟ್ಟಗಾದರೆ, ಕೈ ಜೋತರೆ, ಮಾತು ತೊದಲಿದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆಮಾಡಿರಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು.

ಪುನಶ್ಚೇತನದ ಗುರಿ ಆಟದ ಅಂಕವಲ್ಲ. ಮನುಷ್ಯ ತನ್ನ ಕೈಲಾದ ಕಾಯಕಕ್ಕೆ ಮರಳಬೇಕು. ಇಡೀ ಹೊಲದ ಯಜಮಾನಿಕೆ ಮರಳದಿದ್ದರೂ ಕಾಳು ಹಸನು ಮಾಡುವ, ದನಕ್ಕೆ ನೀರು ತೋರಿಸುವ, ಮಠದ ದಾಸೋಹದಲ್ಲಿ ಎಲೆ ಹಾಕುವ ಕೆಲಸವೂ ಕಾಯಕವೇ. ಅದನ್ನು ಅವರ ಕೈಗೆ ಕೊಟ್ಟು, ತಪ್ಪಿದರೆ ನಗದೆ, ತಡವಾದರೆ ಗದರದೆ ಪಕ್ಕದಲ್ಲಿ ನಿಲ್ಲುವುದು ಮನೆಯವರ ಪಾಲಿನ ದಾಸೋಹ.