ಬೀಳುವ ಹಲ್ಲಿಗೆ ಬೆಳ್ಳಿಯೇಕೆ?

"ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಇಷ್ಟೊಂದು ಉಪಚಾರ?" ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹಿರಿಯರು ಆಡಿದ ಮಾತಿದು. ಐದು ವರ್ಷದ ಮಗಳ ದವಡೆಹಲ್ಲಿನಲ್ಲಿ ಕಪ್ಪು ಕುಳಿ ಕಂಡಿತ್ತು. ಆ ಮಾತನ್ನು ನಂಬಿ ನಾನೂ ಕೆಲವು ತಿಂಗಳು ಸುಮ್ಮನಿದ್ದೆ. ಒಂದು ರಾತ್ರಿ ಮಗು ನಿದ್ರೆಯಿಲ್ಲದೆ ಅತ್ತಿತು. ಲವಂಗದ ಎಣ್ಣೆಗೆ ನೋವು ಅಡಗಿತು, ಹುಳುಕು ಅಡಗಲಿಲ್ಲ.

ಹಾಲುಹಲ್ಲುಗಳು ಇಪ್ಪತ್ತು. ಮುಂದಿನವು 6-7ನೆಯ ವಯಸ್ಸಿನಲ್ಲಿ ಉದುರತೊಡಗುವುದು ನಿಜ. ಆದರೆ ಹಿಂದಿನ ದವಡೆಹಲ್ಲುಗಳು 10-12ರವರೆಗೂ ಬಾಯಲ್ಲಿರಬೇಕಾದುವು. ಅವು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲುಗಳು ಆ ಎಡೆಗೆ ವಾಲಿ, ಮುಂದೆ ಬರುವ ಶಾಶ್ವತ ದಂತಕ್ಕೆ ದಾರಿಯೇ ಇಲ್ಲದಂತಾಗುತ್ತದೆ. ಆದುದರಿಂದ ಕುಳಿಗೆ ತುಂಬುವ ವಸ್ತು ಜೀವಮಾನವಿಡೀ ಬಾಳಬೇಕಾಗಿಲ್ಲ. ಆ ಹಲ್ಲು ಬೀಳುವ ದಿನದವರೆಗೆ ಬಾಳಿದರೆ ಸಾಕು. ಆಯ್ಕೆಯ ಮರ್ಮವೆಲ್ಲ ಇಲ್ಲಿದೆ.

ದಂತವೈದ್ಯ ಕಾಲೇಜುಳ್ಳ ಹುಮನಾಬಾದು ನಮ್ಮೂರಿಗೆ ದೂರವಲ್ಲ. ಅಲ್ಲಿಗೆ ಹೊರಡುವ ಮುನ್ನ ತಂದೆತಾಯಿಗಳು ಈ ನಾಲ್ಕನ್ನು ಅರಿತಿದ್ದರೆ ಒಳಿತು.

ಮೊದಲನೆಯದು ಹಳೆಯ ಬೆಳ್ಳಿಮಿಶ್ರಣ, ಅಮಾಲ್ಗಮ್. ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದಲ್ಲಿ ಕಲಸಿದುದು. ತೂಕದಲ್ಲಿ ಸುಮಾರು ಅರ್ಧ ಪಾದರಸವೇ. ಗಟ್ಟಿಯಾದರೂ ಹಲ್ಲಿಗೆ ಅಂಟದು. ಅದು ನಿಲ್ಲಲು ಒಳ್ಳೆಯ ಹಲ್ಲನ್ನೂ ಕೊರೆಯಬೇಕು. ಪಾದರಸದ ನಿಯಂತ್ರಣಕ್ಕಾಗಿ 2013ರಲ್ಲಿ ಆದ ಮಿನಮಾಟಾ ಒಪ್ಪಂದದ ರಾಷ್ಟ್ರಗಳು, ವೈದ್ಯರು ಅಗತ್ಯವೆಂದು ಕಂಡಾಗಲ್ಲದೆ ಹಾಲುಹಲ್ಲಿಗೆ ಇದು ಬೇಡವೆಂದು 2022ರಲ್ಲಿ ನಿರ್ಧರಿಸಿದುವು.

ಎರಡನೆಯದು ಗ್ಲಾಸ್ ಅಯೊನೋಮರ್. ಲಂಡನ್ನಿನ ವಿಜ್ಞಾನಿಗಳಾದ ವಿಲ್ಸನ್ ಮತ್ತು ಕೆಂಟ್ 1970ರ ಸುಮಾರಿಗೆ ರೂಪಿಸಿದ್ದು. ಹಲ್ಲಿಗೆ ತಾನಾಗಿ ಅಂಟಿ, ಫ್ಲೋರೈಡನ್ನು ಮೆಲ್ಲಮೆಲ್ಲನೆ ಬಿಡುತ್ತದೆ. ಅಳುವ ಮಗುವಿನ ಒದ್ದೆ ಬಾಯನ್ನೂ ಕೊಂಚ ಸಹಿಸುತ್ತದೆ. ಆದರೆ ಬೇಗ ಸವೆಯುತ್ತದೆ. ಚಿಕ್ಕ ಕುಳಿಗೆ ತಕ್ಕುದು.

ಮೂರನೆಯದು ಹಲ್ಲಿನ ಬಣ್ಣದ ರಾಳ, ಕಾಂಪೋಸಿಟ್. ನೀಲಿ ಬೆಳಕಿನಲ್ಲಿ ಗಟ್ಟಿಗೊಳ್ಳುವ ಇದು ನೋಡಲು ಚೆಲುವು. ಆದರೆ ತುಂಬುವಾಗ ಜೊಲ್ಲು ತಾಗಿದರೆ ಅಂಟು ನಿಲ್ಲದು. ಅಲುಗದೆ ಕುಳಿತಿರಬಲ್ಲ ಮಗುವಿಗೇ ಸರಿ.

ಕೊನೆಯದು ತುಂಬುವ ವಸ್ತುವಲ್ಲ, ಉಕ್ಕಿನ ಟೊಪ್ಪಿಗೆ. ಹುಳುಕು ಹಲವು ಮಗ್ಗುಲಿಗೆ ಹರಡಿದ ದವಡೆಹಲ್ಲಿಗೆ ಇದರಷ್ಟು ಬಾಳಿಕೆ ಬರುವುದು ಬೇರಿಲ್ಲ. ಹುಳುಕು ನರಕ್ಕೆ ತಾಗಿರದಿದ್ದರೆ, ಕೊರೆಯದೆ, ಸೂಜಿ ಚುಚ್ಚದೆ ಇದನ್ನು ತೊಡಿಸುವ ಕ್ರಮವನ್ನು ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಬಳಕೆಗೆ ತಂದರು.

ನನ್ನ ಮಗಳಿಗೆ ಆ ಭಾಗ್ಯವಿರಲಿಲ್ಲ. ರಾತ್ರಿ ಎಬ್ಬಿಸುವ ನೋವೆಂದರೆ ಬಹುಮಟ್ಟಿಗೆ ಹುಳುಕು ನರವನ್ನು ಮುಟ್ಟಿದ ಸೂಚನೆ. ಆಮೇಲೆ ಬರಿಯ ತುಂಬುವಿಕೆ ಸಾಲದು. ಹುಮನಾಬಾದಿನ ವೈದ್ಯರು ನರಕ್ಕೆ ಚಿಕಿತ್ಸೆ ಮಾಡಿ ಟೊಪ್ಪಿಗೆ ತೊಡಿಸಿದರು. ಇನ್ನೊಂದು ಪಕ್ಕದ ಚಿಕ್ಕ ಕುಳಿ ಗ್ಲಾಸ್ ಅಯೊನೋಮರಿನಿಂದ ಕೆಲವೇ ನಿಮಿಷಗಳಲ್ಲಿ ಮುಚ್ಚಿತು.

ಮಗಳು ಈಗ ಬಂದವರಿಗೆಲ್ಲ ಬಾಯ್ತೆರೆದು, "ನನ್ನದು ಬೆಳ್ಳಿ ಹಲ್ಲು" ಎಂದು ತೋರಿಸುತ್ತಾಳೆ. ನನಗೆ ಮಾತ್ರ ಅದರಲ್ಲಿ ನಾನು ಕಳೆದ ತಿಂಗಳುಗಳೇ ಕಾಣುತ್ತವೆ.